ಕಾಲಿಗೆ ನೀರು

ಹೊಳಲಿನ ಪುಟ್ಟಮಾದಮ್ಮ ಬೆಂಗಳೂರಿನಲ್ಲಿದ್ದ ತಂಗಿ ಮಗಳು ಪುಷ್ಪಾಳ ಮನೆಗೆ ಮೊದಲ ಸಲ ಬಂದಿದ್ದಳು. ಮನೆ ಹನ್ನೊಂದನೇ ಮಹಡಿಯಲ್ಲಿ. ಪುಷ್ಪಾ ಬಾಗಿಲು ತೆಗೆದು, "ಬನ್ನಿ ದೊಡ್ಡಮ್ಮ" ಎಂದವಳೇ ಫೋನನ್ನು ಕಿವಿಗಿಟ್ಟುಕೊಂಡು ಒಳಗೆ ಹೋದಳು. ಪುಟ್ಟಮಾದಮ್ಮ ಚಪ್ಪಲಿ ಬಿಟ್ಟು ಹೊಸ್ತಿಲಾಚೆಯೇ ನಿಂತಳು. ನೆಂಟರ ಕಾಲಿಗೆ ಒಂದು ಚೆಂಬು ನೀರು ಕೊಡದೆ ಒಳಗೆ ಕರೆಯುವ ಮನೆಯನ್ನು ಅವಳು ಅರವತ್ತು ವರ್ಷದಲ್ಲಿ ಕಂಡಿರಲಿಲ್ಲ. ಕೇಳಿ ಇಸಿದುಕೊಳ್ಳುವಷ್ಟು ಗತಿಗೆಟ್ಟವಳೂ ಅವಳಲ್ಲ.

ಕಾರಿಡಾರು ಒರೆಸುತ್ತಿದ್ದ ಹೆಂಗಸು ನೋಡಿ ಕೇಳಿದಳು: "ಯಾಕವ್ವ, ಇಲ್ಲೇ ನಿಂತ್ಕಂಡಿದ್ದೀಯ?"

"ಕಾಲ್ಗೆ ನೀರು ಕೊಟ್ಟಿಲ್ಲ ಕಣಮ್ಮ."

ಆ ಹೆಂಗಸು ನಗಲಿಲ್ಲ. ಬಕೆಟ್ಟಿನ ಕೊಳೆ ನೀರು ಚೆಲ್ಲಿ, ನಲ್ಲಿಯಿಂದ ಹೊಸ ನೀರು ಹಿಡಿದು ತಂದಳು.

"ನೆಲ ಎಲ್ಲಾ ನೀರಾಯ್ತದಲ್ಲಮ್ಮ" ಎಂದಳು ಪುಟ್ಟಮಾದಮ್ಮ.

"ನಾನೂ ನಿನ್ ಕಡೆಯೋಳೇ ಕಣವ್ವ, ಮಳವಳ್ಳಿಯೋಳು. ತೊಳ್ಕೊ, ಒರ್ಸೋಳು ನಾನೇ ತಾನೆ."