ರಾಜಿ ಮಾವನ ಬೆಂಚು

ಗಂಡ ಹೆಂಡಿರ ದೂರು ಬಂದರೆ ಮೊದಲು ಚಹಾ ತರಿಸುವುದು ಆ ಠಾಣೆಯ ಹೆಡ್ ಕಾನ್‌ಸ್ಟೆಬಲರ ರೂಢಿ. ಆಮೇಲೆ ಇಬ್ಬರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿ, ಬೈದು, ನಗಿಸಿ ಮನೆಗೆ ಕಳಿಸುವುದು. ಎಲ್ಲರೂ ಅವರನ್ನು ರಾಜಿ ಮಾವ ಎನ್ನುತ್ತಿದ್ದರು. ಅವರಿಗೆ ಆ ಹೆಸರಿನ ಮೇಲೆ ಹೆಮ್ಮೆಯೂ ಇತ್ತು.

ಆ ಮಧ್ಯಾಹ್ನ ಬೆಂಚಿನ ಮೇಲಿದ್ದವರು ಒಬ್ಬ ಬಸ್ ಡ್ರೈವರ್ ಮತ್ತು ಅವನ ಹೆಂಡತಿ. ಕಿರುಚಾಟ ಕೇಳಿ ಪಕ್ಕದ ಮನೆಯವರು ಫೋನ್ ಮಾಡಿದ್ದರು.

"ಗಾಯ ಎಲ್ಲಾಗಿದೆಯಮ್ಮ?" ಮಾವ ಕೇಳಿದರು.

ಅವಳು ಇಲ್ಲವೆಂದು ತಲೆಯಾಡಿಸಿದಳು. ಮೈಮೇಲೆ ಒಂದು ಗೀರೂ ಇರಲಿಲ್ಲ.

"ಮತ್ತೇನು! ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಹೋಗಿ ಮನೆಗೆ."

"ಇವಳಿಗೆ ಬಾಯಿ ಜಾಸ್ತಿ ಸಾರ್," ಡ್ರೈವರ್ ನಕ್ಕ. "ಕೊನೆಗೆ ಸೋಲೋದು ನಾನೇ."

ಮಹಿಳಾ ಕಾನ್‌ಸ್ಟೆಬಲ್ ಮಾತ್ರ ಆ ಹೆಂಗಸನ್ನೇ ನೋಡುತ್ತಿದ್ದಳು. ಒಂದು ಗುಟುಕು ಚಹಾ ನುಂಗಲೂ ಡ್ರೈವರನ ಹೆಂಡತಿ ಕಣ್ಣು ಮುಚ್ಚಿ ಒದ್ದಾಡುತ್ತಿದ್ದಳು.

"ಸಾರ್, ಇವರ ಜೊತೆ ಒಳಗೆ ಮಾತಾಡ್ಲಾ?"

"ಗಂಡನ ಎದುರಿಗೆ ಆಡಬಾರದ ಮಾತು ಏನಿರುತ್ತಮ್ಮ?"

"ಅದನ್ನೇ ಕೇಳ್ಬೇಕು ಸಾರ್."

ಹೆಂಗಸನ್ನು ಒಳಗೆ ಕರೆದೊಯ್ದ ಕಾನ್‌ಸ್ಟೆಬಲ್ ಸ್ವಲ್ಪ ಹೊತ್ತಿಗೆ ಒಬ್ಬಳೇ ಹೊರಬಂದು ಪಿಸುಗುಟ್ಟಿದಳು: "ಕುತ್ತಿಗೆ ಹಿಸುಕಿದಾನೆ ಸಾರ್. ಮೊದಲನೇ ಸಲ ಅಲ್ಲವಂತೆ. ದನಿಯೇ ಹೊರಡ್ತಿಲ್ಲ. ಹೊರಗೆ ಗುರುತು ಕಾಣದೇ ಇರಬಹುದು, ಆದ್ರೆ ಕುತ್ತಿಗೆಗೆ ಕೈ ಹಾಕಿದವನು ಮುಂದೆ ಜೀವಾನೂ ತೆಗೀಬಹುದು ಅಂತ ತರಬೇತೀಲಿ ಹೇಳಿದ್ರು."

ಮಾವನಿಗೆ ನಂಬಿಕೆ ಬರಲಿಲ್ಲ. ಡ್ರೈವರನ ಹೆಗಲ ಮೇಲೆ ಕೈಯಿಟ್ಟು ತಮಾಷೆಯ ದನಿಯಲ್ಲೇ ಕೇಳಿದರು: "ಏನಪ್ಪಾ, ಕುತ್ತಿಗೆ ಹಿಡಿದ್ಯಂತೆ?"

"ಹೆದರಿಸೋಕೆ ಅಷ್ಟೇ ಸಾರ್." ಅವನು ಚಹಾ ಊದಿದ. "ಯಾವಾಗ ಬಿಡ್ಬೇಕು ಅಂತ ನಂಗೆ ಗೊತ್ತು. ಕಣ್ಣು ಮೇಲೆ ಹೋದ ತಕ್ಷಣ ಬಿಟ್ಬಿಡ್ತೀನಿ."

ಮಾವ ಕೈ ತೆಗೆದರು. ಅವನ ಮುಖದಲ್ಲಿ ಸಿಟ್ಟೇ ಇರಲಿಲ್ಲ. ಅವರಿಗೆ ಭಯವಾದದ್ದೇ ಅದಕ್ಕೆ.

ಹೆಂಡತಿಯನ್ನು ಜೀಪಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಗಂಡನನ್ನು ಲಾಕಪ್ಪಿಗೆ ಹಾಕಿದರು. "ಇಷ್ಟಕ್ಕೆಲ್ಲಾನಾ ಸಾರ್?" ಎಂದು ಅವನು ನಿಜವಾಗಿಯೂ ಬೆರಗಾಗಿ ಕೇಳಿದ.

ಮಾವ ಕುರ್ಚಿಗೆ ಮರಳಲಿಲ್ಲ. ಹೋದ ವಾರ ಕೈಕೈ ಹಿಡಿಸಿ ಕಳಿಸಿದ್ದ ಟೈಲರನ ಹೆಂಡತಿಯೂ ಹೀಗೇ ತುಟಿ ಬಿಚ್ಚಿರಲಿಲ್ಲ. ನಾಚಿಕೆ ಸ್ವಭಾವ ಎಂದು ತಾವೇ ನಕ್ಕಿದ್ದರು. ಬೈಕ್ ಹತ್ತಿ ನೇರ ಅವಳ ಮನೆಗೆ ಹೋದರು.

ಟೈಲರ್ ಬಾಗಿಲು ತೆರೆದು ಹಲ್ಲು ಕಿರಿದ. "ಬನ್ನಿ ಸಾರ್, ಬನ್ನಿ. ನಿಮ್ಮ ದಯೆಯಿಂದ ಈಗ ಚೆನ್ನಾಗಿದೀವಿ."

"ನಿನ್ನ ಹತ್ರ ಕೆಲಸ ಇಲ್ಲಪ್ಪ." ಮಾವ ಅವನ ಹಿಂದೆ ನಿಂತಿದ್ದವಳನ್ನು ನೋಡಿದರು. "ಅಮ್ಮಾ, ನೀನೊಬ್ಬಳೇ ಹೊರಗೆ ಬಾ. ಅವತ್ತು ಒಂದು ಮಾತು ಕೇಳೋದು ಬಿಟ್ಟಿದ್ದೆ."

ಅವಳು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಬಂದಳು.