ಎರಡು ಬಾಟಲಿ ನೀರು

ಏಪ್ರಿಲ್‌ನ ಆ ಭಾನುವಾರ ನಾನು ಮೊದಲ ಸಲ ಸಂಗಮೇಶ್ ಸಾರ್‌ಗಿಂತ ಮುಂದೆ ಓಡುತ್ತಿದ್ದೆ.

ಅವರು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು, ವಯಸ್ಸು ನಲವತ್ತೆಂಟು. ನಾನು ಎಂ.ಎ. ಮುಗಿಸಿ ಎರಡು ವರ್ಷದಿಂದ ಕೆಲಸವಿಲ್ಲದೆ ಅಕ್ಕನ ಮನೆಯಲ್ಲಿದ್ದವನು. ಆಗಸ್ಟ್‌ನ ಮ್ಯಾರಥಾನ್‌ಗೆಂದು ಫೆಬ್ರವರಿಯಿಂದಲೂ ಪ್ರತಿ ಭಾನುವಾರ ಒಟ್ಟಿಗೆ ಓಡುತ್ತಿದ್ದೆವು. ಮೊದಮೊದಲು ಗುಬ್ಬಿಯವರೆಗೆ; ದೂರ ಹೆಚ್ಚಿದ ಮೇಲೆ ಮರಳೂರಿನಿಂದ ಕುಣಿಗಲ್ ರಸ್ತೆ ಹಿಡಿದು ಮೂವತ್ತೆರಡು ಕಿಲೋಮೀಟರ್. ಓಡುವಾಗ ಮಾತಿರಲಿಲ್ಲ. ಮನೆಯಲ್ಲಿ ಎಲ್ಲರೂ ‘ಮುಂದೇನು’ ಎಂದು ಕೇಳುತ್ತಿದ್ದ ದಿನಗಳವು. ಸಾರ್ ಏನೂ ಕೇಳುತ್ತಿರಲಿಲ್ಲ.

ಇಪ್ಪತ್ನಾಲ್ಕನೆಯ ಕಿಲೋಮೀಟರಿನಲ್ಲಿ ರಸ್ತೆಗೆ ಅಂಟಿಕೊಂಡು ದೊಡ್ಡಗಂಗಮ್ಮಜ್ಜಿಯ ಮನೆ. ಅಲ್ಲಿಂದ ನಮ್ಮ ಓಟ ಮುಗಿಯುವ ಪೆಟ್ರೋಲ್ ಬಂಕ್‌ವರೆಗೆ ನೆರಳಿಲ್ಲ, ಅಂಗಡಿಯಿಲ್ಲ. ಶನಿವಾರ ಸಂಜೆ ಸಾರ್ ಬೈಕಿನಲ್ಲಿ ಹೋಗಿ, ಉಪ್ಪು ಸಕ್ಕರೆ ನಿಂಬೆರಸ ಬೆರೆಸಿದ ಎರಡು ಬಾಟಲಿ ನೀರನ್ನು ಅಜ್ಜಿಯ ಕೈಗೆ ಕೊಟ್ಟು ಬರುತ್ತಿದ್ದರು. ಅಜ್ಜಿ ಅವನ್ನು ಮಡಕೆಯ ಬುಡದ ಒದ್ದೆ ಮರಳಿನಲ್ಲಿ ಹೂತಿಟ್ಟು, ನಾವು ಬರುವವರೆಗೆ ಎಮ್ಮೆಯನ್ನೂ ಬಿಚ್ಚದೆ ಜಗಲಿಯ ಮೇಲೆ ಕಾಯುತ್ತಿದ್ದಳು.

“ಬಸ್ಸಿಗೆ ದುಡ್ಡಿಲ್ವಾ ನಿಮ್ಗೆ? ಓದಿರೋರು ಹಿಂಗೆ ಓಡ್ಕಂಡ್ ಬತ್ತೀರಲ್ಲ” ಎಂದು ಪ್ರತಿ ವಾರವೂ ಕೇಳುತ್ತಿದ್ದಳು.

ಆ ದಿನ ಹದಿನೆಂಟನೆಯ ಕಿಲೋಮೀಟರಿನ ಹತ್ತಿರ ಸಾರ್‌ಗೆ ಮೀನಖಂಡ ಹಿಡಿದುಕೊಂಡಿತು. “ನೀ ಹೋಗ್ತಿರು ಚೈತನ್ಯ, ಬರ್ತೀನಿ” ಎಂದರು. ನಾನು ಹೋದೆ. ಒಂಬತ್ತು ಗಂಟೆಗೇ ಡಾಂಬರು ಕಾದು ಷೂವಿನ ಅಟ್ಟೆ ಬಿಸಿಯಾಗಿತ್ತು. ಕೈಗಡಿಯಾರ ಮಾತ್ರ ನಾನು ಎಂದೂ ಕಾಣದ ವೇಗ ತೋರಿಸುತ್ತಿತ್ತು.

ಅಜ್ಜಿ ಕೊಟ್ಟ ಬಾಟಲಿಯನ್ನು ನಿಂತಲ್ಲೇ ಖಾಲಿ ಮಾಡಿದೆ. ಇನ್ನೊಂದು ಅವಳ ಕೈಯಲ್ಲಿತ್ತು.

“ಮೇಷ್ಟ್ರು ಎಲ್ಲಿ?”

“ಅವ್ರು ಬರಲ್ಲಜ್ಜಿ ಇವತ್ತು. ಅದನ್ನೂ ಕೊಡಿ.”

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಅರ್ಧ ಕುಡಿದೆ. ಉಳಿದರ್ಧವನ್ನು ತಲೆಯ ಮೇಲೆ ಸುರಿದುಕೊಂಡೆ. ನಿಂಬೆರಸ ಕಣ್ಣಿಗಿಳಿದು ಉರಿಯಿತು.

“ಹಂಗಾದ್ರೆ ನಾನು ಎಮ್ಮೆ ಹೊಡ್ಕಂಡು ಹೊಲ್ದ ತಾವ ಹೋಯ್ತೀನಿ” ಎಂದು ಅಜ್ಜಿ ಬಾಗಿಲಿಗೆ ಬೀಗ ಹಾಕುವುದನ್ನು ನೋಡಿದೆ. ನೋಡಿಯೂ ಓಡಿದೆ.

ಬಂಕ್ ತಲುಪಿ ನನ್ನ ಸಮಯವನ್ನು ಓಟಗಾರರ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೆಚ್ಚುಗೆಯ ಹೆಬ್ಬೆರಳುಗಳು ಒಂದರ ಹಿಂದೊಂದು ಬರುತ್ತಿದ್ದಾಗ ಎದುರಿಗೆ ತರಕಾರಿ ಆಟೋ ನಿಂತಿತು. ಡ್ರೈವರ್ ಸಾರ್ ಅವರನ್ನು ತೋಳು ಹಿಡಿದು ಇಳಿಸಿದ. ತುಟಿ ಬಿಳಿಚಿತ್ತು, ಬನಿಯನ್ ಮೇಲೆ ಬೆವರಿನ ಉಪ್ಪು ಗೆರೆಗಟ್ಟಿತ್ತು. ರಸ್ತೆ ಬದಿಯಲ್ಲಿ ಬಿದ್ದಿದ್ದರಂತೆ. ಕುಣಿಗಲ್ಲಿನ ಕ್ಲಿನಿಕ್ಕೊಂದರಲ್ಲಿ ಎರಡು ಬಾಟಲಿ ಗ್ಲೂಕೋಸ್ ಏರಿಸಿದರು.

“ಅಜ್ಜಿ ಬೀಗ ಹಾಕ್ಕೊಂಡ್ ಹೋಗ್ಬಿಟ್ಟಿದೆ. ನಿಂಗೆ ಸಿಕ್ತಾ ನೀರು?” ಎಂದು ಮಲಗಿದ್ದಲ್ಲಿಂದಲೇ ಕೇಳಿದರು.

“ಸಿಕ್ತು ಸಾರ್.”

ಅವರು ಮತ್ತೇನೂ ಕೇಳಲಿಲ್ಲ. ಅವರಲ್ಲಿ ನನಗೆ ಹಿಡಿಸಿದ್ದ ಆ ಗುಣದ ಹಿಂದೆ ಅಡಗಿ ಕೂತೆ.

ಎರಡು ವಾರ ಸಾರ್ ಓಡಲಿಲ್ಲ. ಮೂರನೆಯ ವಾರ ಒಟ್ಟಿಗೇ ಅಜ್ಜಿಯ ಮನೆ ತಲುಪಿದೆವು. ಆ ಶನಿವಾರ ಸಾರ್ ಬಸ್ಸಿನವರ ಕೈಯಲ್ಲಿ ಕಳಿಸಿದ್ದ ಬಾಟಲಿಗಳನ್ನು ಹಿಡಿದುಕೊಂಡೇ ಅವಳು ನಿಂತಿದ್ದಳು. ಸಾರ್ ಕುಡಿದು ಮುಗಿಸಿ ಬಾಯಿ ಒರೆಸಿಕೊಂಡರು.

“ಇನ್ಮೇಲೆ ಬಾಟ್ಲಿ ಇಲ್ಲಿಡಲ್ಲಮ್ಮ. ನಿಮ್ಮನ್ನ ನಂಬ್ಕೊಂಡು ಅವತ್ತು ಸಾಯ್ತಿದ್ದೆ.”

ಅಜ್ಜಿ ನನ್ನ ಕಡೆ ನೋಡಿದಳು. ನಾನು ಬಿಗಿಯಾಗಿಯೇ ಇದ್ದ ಷೂ ಲೇಸು ಬಿಚ್ಚಿ ಮತ್ತೆ ಕಟ್ಟತೊಡಗಿದೆ. ಮೇಲಿನಿಂದ ಅವಳ ದನಿ ಕೇಳಿತು.

“ಮರ್ತೋಯ್ತು ಕಣಪ್ಪ. ವಯಸ್ಸಾಯ್ತಲ್ಲ.”

ಖಾಲಿ ಬಾಟಲಿಗಳನ್ನು ಹಿಡಿದು ಓಟ ಮುಂದುವರಿಸಿದೆವು. ಸಾರ್ ಮುಂದೆ, ನಾನು ಹಿಂದೆ. ಅವರ ಬೆನ್ನಿನ ಒದ್ದೆಯನ್ನೇ ನೋಡುತ್ತಾ ಎರಡು ಕಿಲೋಮೀಟರ್ ಹೋದೆ. ನಿಂತುಬಿಟ್ಟೆ.

“ಸಾರ್, ಅಜ್ಜಿ ಮರ್ತಿರ್ಲಿಲ್ಲ. ನೀವು ಬರಲ್ಲ ಅಂತ ನಾನೇ ಹೇಳ್ದೆ. ನಿಮ್ಮ ನೀರೂ ನಾನೇ ಕುಡಿದೆ.” ತಲೆಯ ಮೇಲೆ ಸುರಿದುಕೊಂಡಿದ್ದನ್ನು ಹೇಳಲು ಇನ್ನೊಂದು ನಿಮಿಷ ಬೇಕಾಯಿತು. ಅದನ್ನೂ ಹೇಳಿದೆ.

ಅವರು ಓಟದ ಮಧ್ಯೆ ಎಂದೂ ನಿಲ್ಲಿಸದ ಗಡಿಯಾರವನ್ನು ಒತ್ತಿ ನಿಲ್ಲಿಸಿದರು. ತಿರುಗಿ, ಬಂದ ದಾರಿಯಲ್ಲೇ ನಡೆದರು. ನಾನು ಹಿಂದೆ ಹೋದೆ. ಅಷ್ಟು ದೂರವನ್ನು ಆ ಬಿಸಿಲಿನಲ್ಲಿ ನಡೆದಿದ್ದು ಅದೇ ಮೊದಲು.

ಅಜ್ಜಿ ಎಮ್ಮೆಯ ಹಗ್ಗ ಬಿಚ್ಚುತ್ತಿದ್ದಳು. ಸಾರ್ ಅವಳೆದುರು ಕೈ ಮುಗಿದರು. “ತಪ್ಪಾಯ್ತಮ್ಮ. ತಿಳೀದೆ ಅಂದ್ಬಿಟ್ಟೆ.”

“ಬುಡಪ್ಪ, ಅದಕ್ಕೇನು” ಎಂದವಳು ನನ್ನ ಕಡೆ ತಿರುಗಿದಳು. “ಏನ್ಲಾ, ಅಷ್ಟೊಂದ್ ದಾಹ್ವಾ ನಿಂಗೆ? ಒಳ್ಗೆ ಮಡಕೆ ತುಂಬ ನೀರಿತ್ತಲ್ಲೋ. ಕೇಳಿದ್ರೆ ಕೊಡ್ತಿರ್ಲಿಲ್ವಾ?”

ಅಜ್ಜಿ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಮೊದಲು ಸಾರ್‌ಗೆ ಕೊಟ್ಟಳು, ಆಮೇಲೆ ನನಗೆ. ಅದನ್ನು ಅವಳ ಎದುರೇ ಗುಟುಕು ಗುಟುಕಾಗಿ ಕುಡಿದೆ.

ಸಾರ್ ತಮ್ಮ ಖಾಲಿ ಬಾಟಲಿಯನ್ನು ಜಗಲಿಯ ಮೇಲಿಟ್ಟು, “ಶನಿವಾರ ಬಂದು ತುಂಬಿಸ್ಕೊಡ್ತೀನಿ” ಎಂದರು. ಅಜ್ಜಿ ಅದನ್ನು ಎತ್ತಿ ಒಳಗಿಟ್ಟು ಬಂದಳು.

ನನ್ನದು ನನ್ನ ಕೈಯಲ್ಲೇ ಇತ್ತು. ಇಡಲೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.