ಗೋಡೆಯ ಆಚೆ ಮಗ್ಗುಲು

ನಮ್ಮಕ್ಕ ಗೋಡೆಗಳ ಚರ್ಮ ಸುಲಿಯುವವಳು. ಕೆಡವಲಿರುವ ಮನೆಗಳಿಗೆ ಹೋಗಿ, ಮೇಲಿನ ಬಣ್ಣ ಕೆರೆದು, ಅಂಟು ಬಳಿದು ಬಟ್ಟೆ ಹಚ್ಚುತ್ತಾಳೆ. ಒಣಗಿದ ಮೇಲೆ ಎಳೆದರೆ ಹಳೆಯ ಬಣ್ಣ, ಮಸಿ, ಎಣ್ಣೆಗೈ ಗುರುತು ಎಲ್ಲ ಬಟ್ಟೆಗೆ ಬರುತ್ತದೆ. ಅದನ್ನೇ ಚೌಕಟ್ಟಿಗೆ ಬಿಗಿದು ನೇತುಹಾಕಿದರೆ ಜನ ಕೈಕಟ್ಟಿ ನಿಂತು ನೋಡುತ್ತಾರೆ. ಮೊದಮೊದಲು ನನಗೆ ನಗು ಬರುತ್ತಿತ್ತು. ಕೆಲಸ ಸಿಕ್ಕ ಕಡೆಗೆಲ್ಲ ಗಂಟುಮೂಟೆ ಕಟ್ಟಿ ಅಲೆದವರು ನಾವು, ನಮಗೆಲ್ಲಿಯ ಗೋಡೆ?

ಅಮ್ಮನಂತೂ ಯಾವ ಮನೆಯನ್ನೂ ‘ನಮ್ಮದು’ ಎಂದವಳಲ್ಲ. ‘ಆ ಬಾಡಿಗೆ ಕೋಣೆ’ ಎನ್ನುತ್ತಿದ್ದಳು. ಅವಳ ಬಾಯಿಂದ ‘ನಮ್ಮದು’ ಎಂಬ ಒಂದು ಮಾತು ಕೇಳಬೇಕೆಂದೇ ಅಕ್ಕ ಈ ಸಲ ಗಿರಣಿಯ ಹಿಂದಿನ ಸಾಲುಮನೆಗೆ ಹೋಗಿದ್ದಳು. ನಾವಿಬ್ಬರೂ ಹುಟ್ಟಿದ ಸಾಲು ಅದು. ರಸ್ತೆಯ ಕಡೆಯಿಂದ ನಾಲ್ಕನೇ ಕೋಣೆ. ಅವಳು ಗೋಡೆ ತಂದ ಸ್ವಲ್ಪ ದಿನಕ್ಕೇ ಇಡೀ ಸಾಲು ನೆಲಸಮವಾಯಿತು.

ಪ್ರದರ್ಶನದ ದಿನ ಬೆಳಿಗ್ಗೆ, ಜನ ಬರುವ ಮುಂಚೆ ಅಮ್ಮನನ್ನು ಕರೆದುಕೊಂಡು ಹೋದೆ. ಹಜಾರದ ನಡುವೆ ನೀಲಿ ಗೋಡೆ ತೂಗುತ್ತಿತ್ತು. ಕೆಳಗೊಂದು ಚೀಟಿ: ‘ನಮ್ಮ ಮನೆ’. ಪಕ್ಕದಲ್ಲಿ ಅಕ್ಕ ಕಾಯುತ್ತಿದ್ದಳು.

ಅಮ್ಮ ಕನ್ನಡಕ ಒರೆಸಿ ನೋಡಿದಳು. “ಇದು ನಮ್ಮದಲ್ಲ ಕಣೇ.”

“ನೀನು ಯಾವುದನ್ನ ನಮ್ಮದು ಅಂದಿದೀಯ ಹೇಳು!” ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ.

“ಅದಲ್ವೇ. ನಮ್ಮ ಒಲೆ ನೆಲದ ಮೇಲಿತ್ತು. ಈ ಮಸಿ ನೋಡು, ಎದೆಮಟ್ಟಕ್ಕಿದೆ. ಪಕ್ಕದ ಮನೆ ದೊಡ್ಡಮ್ಮಂಗೆ ಮಂಡಿನೋವು. ಪೆಟ್ಟಿಗೆ ಮೇಲೆ ಒಲೆ ಇಟ್ಕೊಂಡು ನಿಂತೇ ಅಡುಗೆ ಮಾಡ್ತಿದ್ರು.”

“ನಾಲ್ಕು ಎಣಿಸ್ಕೊಂಡೇ ಹೋಗಿದ್ದೆ ನಾನು.”

“ರಸ್ತೆ ಅಗಲ ಮಾಡೋಕೆ ಮೊದಲನೇ ಕೋಣೆ ಕೆಡವಿದ್ರಂತಲ್ಲ. ನೀನು ಎಣಿಸಿದ ನಾಲ್ಕು, ಆಗಿನ ಐದು.”

ಅಕ್ಕನ ಮುಖ ಬಿಳಿಚಿಕೊಂಡಿತು. ನಮ್ಮ ಗೋಡೆ ಈಗ ಯಾವ ಹಳ್ಳ ತುಂಬಿತ್ತೋ. ಮತ್ತೆ ಹೋಗಿ ತರುವ ಮಾತೇ ಇರಲಿಲ್ಲ. ಅವಳು ಬಗ್ಗಿ ಚೀಟಿ ಕೀಳಲು ಹೋದಳು.

“ಇರಲಿ ಬಿಡೇ,” ಎಂದಳು ಅಮ್ಮ. “ಈ ಗೋಡೆ ಆಚೆ ಮಗ್ಗುಲಿಗೇ ನಾವಿದ್ದದ್ದು. ಅವ್ರ ಒಲೆಯಿಂದ ನಮ್ಮ ಕಡೆಗೂ ಬೆಚ್ಚಗಿರ್ತಿತ್ತು. ನಾನು ರಾತ್ರಿ ಪಾಳಿಗೆ ಹೋದ್ರೆ ನೀವಿಬ್ರೂ ಇದಕ್ಕೇ ಬೆನ್ನು ಹಚ್ಕೊಂಡು ಮಲಗ್ತಿದ್ರಿ. ಇದೂ ನಮ್ಮದೇ.”

ಅಕ್ಕ ಕಾಯುತ್ತಿದ್ದ ಮಾತು ಬಂದಿತ್ತು. ಆದರೆ ನನಗೆ ಆಗ ನೆನಪಾದದ್ದು ದೊಡ್ಡಮ್ಮ. ಗೋಡೆಗೆ ಎರಡು ಸಲ ಬಡಿಯುತ್ತಿದ್ದಳು: ಮಲಗಿದಿರಾ? ನಾವು ಒಂದು ಸಲ ಬಡಿಯುತ್ತಿದ್ದೆವು: ಮಲಗಿದೆವು. ಮಲಗಿದವರು ಉತ್ತರ ಕೊಡುವುದು ಹೇಗೆಂದು ನಮಗೆ ಹೊಳೆದೇ ಇರಲಿಲ್ಲ. “ನಿನ್ನ ಕಳ್ಳಿಯರು ಮಲಗೇ ಇರ್ಲಿಲ್ಲ” ಎಂದು ಬೆಳಿಗ್ಗೆ ಅಮ್ಮನಿಗೆ ಚಾಡಿ ಹೇಳುತ್ತಿದ್ದಳು.

“ನಾವು ಬಿಟ್ಟ ದಿನ ಲಾರಿ ಬೇಗ ಬಂದ್ಬಿಡ್ತು. ಅವ್ರು ಕೆಲಸಕ್ಕೆ ಹೋಗಿದ್ರು. ಒಂದು ಮಾತು ಹೇಳದೆ ಬಂದ್ಬಿಟ್ಟೆ. ಆಮೇಲೆ ಅವ್ರೂ ಯಾವ ಊರಿಗೆ ಹೋದ್ರೋ.” ಹೇಳುತ್ತಲೇ ಅಮ್ಮ ಅಳತೊಡಗಿದಳು.

ಅಮ್ಮ ಮಸಿಯ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಬಡಿದಳು. ಬಟ್ಟೆಯಲ್ಲವೇ, ಸದ್ದು ಬರಲಿಲ್ಲ. ಸ್ವಲ್ಪ ಅಲುಗಿತು, ಅಷ್ಟೇ.

ಅಕ್ಕ ಚೀಟಿ ಬಿಟ್ಟು ಎದ್ದಳು. ಗೋಡೆಯ ಹಿಂದಕ್ಕೆ, ನಾವು ಮಲಗುತ್ತಿದ್ದ ಮಗ್ಗುಲಿಗೆ ಹೋಗಿ, ಮರದ ಚೌಕಟ್ಟಿಗೆ ಒಂದು ಸಲ ಬಡಿದಳು.

“ಕಳ್ಳಿ,” ಎಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತಾ. “ಇನ್ನೂ ಮಲಗಿಲ್ಲ.”